ಅಕ್ಷರಕ್ಕೂ ಮೊದಲೇ ಶುರುವಾಗುವ ಓದು!

ಎರಡು ವರ್ಷದ ಮಗು ಪುಸ್ತಕ ಓದುತ್ತದೆ ಅಂದರೆ ನಗಬೇಡಿ. ಚಿತ್ರದ ಪುಸ್ತಕವೊಂದನ್ನು ಅದರ ಕೈಗೆ ಕೊಟ್ಟು ನೋಡಿ! ತಲೆಕೆಳಗಾಗಿ ಹಿಡಿಯುತ್ತದೆ, ಮೂಲೆ ಕಚ್ಚುತ್ತದೆ, ಆಮೇಲೆ ಥಟ್ಟನೆ ಒಂದು ಪುಟದಲ್ಲಿ ನಾಯಿಯ ಮೇಲೆ ಬೆರಳಿಟ್ಟು “ಬೌ” ಅನ್ನುತ್ತದೆ. ಅಬ್ಬಾ, ದೊಡ್ಡ ಕೆಲಸ ಅಲ್ಲಿಗೇ ಆಗಿಹೋಯಿತಲ್ಲ! ಹಾಳೆಯ ಮೇಲಿನ ಗುರುತು ಬೀದಿಯಲ್ಲಿ ಓಡಾಡುವ ಜೀವವನ್ನು ಹೇಳುತ್ತಿದೆ ಎಂದು ಆ ಪುಟ್ಟ ತಲೆಗೆ ಹೊಳೆದುಬಿಟ್ಟಿತು. ಮುಂದೆ ಅಕ್ಷರ ಮಾಡುವುದೂ ಅದನ್ನೇ.

ಈಗ ಕನ್ನಡದ ಲೆಕ್ಕ ಕೇಳಿ. 34 ವ್ಯಂಜನ, ಒಂದೊಂದಕ್ಕೂ ‘ಕ’ದಿಂದ ‘ಕಃ’ವರೆಗೆ 15 ರೂಪ. ಕಾಗುಣಿತವೇ 510! ಒತ್ತಕ್ಷರ ಇನ್ನೂ ಬಾಕಿ. ಇವೆಲ್ಲ ಕೈವಶವಾಗಲು ಮಕ್ಕಳಿಗೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕೆಂದು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅಲ್ಲಿಯವರೆಗೆ ಕಥೆ ಕಾಯಬೇಕೆ? ಖಂಡಿತ ಬೇಡ! ಕಣ್ಣು ಕಾಗುಣಿತದ ಹಿಂದೆ ಏದುಸಿರು ಬಿಡುತ್ತಿದ್ದರೂ ಕಿವಿ ಆಗಲೇ ಕಥೆಯ ಊರು ಸೇರಿರಬಹುದು.

ಆ ಕಿವಿಗೆ ಮೊದಲು ಪಂಜೆ ಮಂಗೇಶರಾಯರು. ಶಾಲಾ ಇನ್‌ಸ್ಪೆಕ್ಟರಾಗಿದ್ದ ಈ ಮನುಷ್ಯನಿಗೆ ಮಕ್ಕಳ ಗುಟ್ಟು ಎಷ್ಟು ಗೊತ್ತಿತ್ತು ಅಂತೀರಿ! ‘ಸಿಗಡಿ ಯಾಕೆ ಒಣಗಲಿಲ್ಲ?’ ಕಥೆಯಲ್ಲಿ ಒಂದು ‘ಯಾಕೆ’ಗೆ ಇನ್ನೊಂದು ‘ಯಾಕೆ’ ಕೊಂಡಿ ಹಾಕಿಕೊಳ್ಳುತ್ತಾ ಹೋಗುತ್ತದೆ. ಎರಡು ‘ಯಾಕೆ’ ನೀವು ಕೇಳಿ, ಮೂರನೆಯದಕ್ಕೆ ಸುಮ್ಮನೆ ಬಾಯಿ ಮುಚ್ಚಿ. ಮಗುವೇ ಕೂಗುತ್ತದೆ! ಆಮೇಲೆ ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’. ಇನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಸೋಜಿಗ ನೋಡಿ: ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳು, ಬ್ರೌನಿಂಗ್ ಕವಿಯ ಇಂಗ್ಲಿಷ್ ದಾಟಿ, ಕುವೆಂಪು ಕೈಗೆ ಬಿದ್ದು ಅಚ್ಚಕನ್ನಡದಲ್ಲಿ ಕುಣಿಯತೊಡಗಿದವು! ಅರ್ಥವಾಗದ ಪದ ಬಂದರೆ ನಿಲ್ಲಬೇಡಿ. ಲಯವೇ ಎಳೆದುಕೊಂಡು ಹೋಗುತ್ತದೆ. ದೊಡ್ಡ ಮಕ್ಕಳಿಗೆ, ಶಿವರಾಮ ಕಾರಂತರ ಮೂರು ಸಂಪುಟದ ‘ಬಾಲಪ್ರಪಂಚ’ ಕಣ್ಣಿಗೆ ಬಿದ್ದರೆ ಬಿಡಲೇಬೇಡಿ. ಮನೆಯಲ್ಲಿ ಮೊಬೈಲ್ ಮಾತ್ರ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ.

ಇದಕ್ಕೆಲ್ಲ ದುಡ್ಡು? ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ ಸ್ವಾಮಿ! 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಆರು ತುಂಬದ ಪುಟಾಣಿಯ ಗತಿ? ಅಕ್ಕನ ಕಾರ್ಡ್ ಇದೆಯಲ್ಲ! ಮೂರನೇ ಕ್ಲಾಸಿನ ಅಕ್ಕ ಪುಸ್ತಕ ತಂದು, ಸಾಲಿನ ಕೆಳಗೆ ಬೆರಳಾಡಿಸುತ್ತಾ ತಮ್ಮನಿಗೆ ಓದಿ ಹೇಳಿದರೆ ಇಬ್ಬರದೂ ಪಾಠವಾಯಿತು. ತಡವರಿಸಿದರೂ ಪರವಾಗಿಲ್ಲ, ಆ ವಯಸ್ಸಿನ ಕೇಳುಗ ತಪ್ಪು ಹಿಡಿಯುವುದಿಲ್ಲ.

ಹಿಡಿಯುವುದಿಲ್ಲ ಅಂದೆನೆ? ಅದೇ ಕಥೆಯನ್ನು ಹತ್ತು ಸಲ ಕೇಳಿದ ಮೇಲೆ, ನಿದ್ದೆಗಣ್ಣಿನಲ್ಲಿ ನೀವು ಒಂದು ಪುಟ ಹಾರಿಸಿ ನೋಡಿ. “ಅಮ್ಮಾ, ಆಮೆ ಎಲ್ಲಿ?” ಸಿಕ್ಕಿಬಿದ್ದಿರಿ! ಅಕ್ಷರ ಒಂದೂ ಬಾರದವನಿಗೆ ಪುಸ್ತಕದ ಕ್ರಮವೆಲ್ಲ ಬಾಯಿಪಾಠ. ಹಾಗಾಗಿ, ಅದನ್ನೇ ಮತ್ತೆ ಕೇಳಿದರೆ ಬೇರೆಯದು ತೆಗೆಯಬೇಡಿ.

ಒಂದೇ ತಕರಾರು ನನ್ನದು. ಎಷ್ಟೋ ಗ್ರಂಥಾಲಯಗಳಲ್ಲಿ, ಮಕ್ಕಳು ಹರಿಯುತ್ತಾರೆಂದು ಚೆಂದದ ಚಿತ್ರಪುಸ್ತಕಗಳೇ ಬೀರುವಿನೊಳಗೆ ಬೀಗದಲ್ಲಿರುತ್ತವೆ. ಹರಿದರೆ ಅಂಟಿಸೋಣ. ಬೀಗ ತೆಗೆಸಿ, ಕೆಳಗಿನ ಹಲಗೆಗೆ, ಕುಳ್ಳರ ಕೈಗೆ ಸಿಗುವಲ್ಲಿಗೆ ಇಳಿಸಿ ಎಂದು ಗ್ರಂಥಪಾಲಕರನ್ನು ಈ ವಾರವೇ ಕೇಳಿ!