ಮದ್ದಿನ ಬಿಲ್ಲು ಬಿಸಾಡಬೇಡಿ

ಅಳದಂಗಡಿ ಹತ್ತಿರ ನನ್ನದು ನೀರಾವರಿ ಇಲ್ಲದ ಗುಡ್ಡೆ ಜಾಗ. ಇರುವುದು ಗೇರು. ಟೀ ಸೊಳ್ಳೆಗೆ ಮದ್ದು ಬಿಡುವುದೂ ನಾನೇ. ಒಂದು ಸಲ ಮದ್ದು ಬಿಟ್ಟ ಸಂಜೆ ತಲೆ ತಿರುಗಿ ವಾಂತಿಯಾಯ್ತು. ‘ಯಾವ ಮದ್ದು?’ ಅಂತ ಡಾಕ್ಟ್ರು ಕೇಳಿದರು. ಬಾಟ್ಲಿ ಬಿಸಾಡಿದ್ದೆ, ಬಿಲ್ಲು ಕೇಳಿಯೇ ಇರಲಿಲ್ಲ. ಚೀಟಿಯಲ್ಲಿ ‘ವಾಂತಿ’ ಅಂತ ಮಾತ್ರ ಬರೆದರು.

ಮದ್ದಿನಿಂದ ಹಾಳಾದರೆ ಜವಾಬ್ದಾರಿ ಯಾರದು? ನಮ್ಮ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆ ಗೇರು ನಿಗಮದ ತೋಟಗಳಿಗೆ ಸುಮಾರು 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಟ್ಟರು. ಈ ಮದ್ದು 1950ರ ದಶಕದಲ್ಲಿ ಹುಟ್ಟಿದ್ದು ಜರ್ಮನಿಯ ಹೆಕ್ಸ್ಟ್ ಕಂಪೆನಿಯಲ್ಲಿ. ಆಮೇಲೆ ಇಲ್ಲಿಯ ಕಂಪೆನಿಗಳೂ ತಯಾರಿಸಿದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ಸಂತ್ರಸ್ತರಿಗೆ ಕೇರಳ ಸರಕಾರ ತಲಾ 5 ಲಕ್ಷ ಕೊಡಬೇಕು, ಆ ಹಣವನ್ನು ಕಂಪೆನಿಗಳಿಂದ ವಸೂಲಿ ಮಾಡಬಹುದು ಅಂತ 2017ರಲ್ಲಿ ಹೇಳಿತು. ನಮ್ಮ ಕಡೆಯವರಿಗೆ ಸರಕಾರದ ಮಾಸಾಶನ. ಅದು ನಮ್ಮದೇ ತೆರಿಗೆ ಹಣವಲ್ಲವೇ?

ಹೊರದೇಶದ ಕಂಪೆನಿಯನ್ನು ಹಿಡಿಯುವುದು ಇನ್ನೂ ಕಷ್ಟ. ಇಲ್ಲಿ ಮಾರುವ ಕಂಪೆನಿ, ಅಲ್ಲಿರುವ ಯಜಮಾನ ಕಂಪೆನಿ, ಕಾನೂನಿಗೆ ಎರಡೂ ಬೇರೆ ಬೇರೆ. ಭೋಪಾಲದವರ ದಾವೆಯನ್ನು ಅಮೆರಿಕದ ಕೋರ್ಟು 1986ರಲ್ಲಿ ‘ನಿಮ್ಮ ದೇಶದಲ್ಲೇ ನಡೆಸಿ’ ಎಂದು ವಾಪಸು ಕಳಿಸಿತ್ತು.

ಈಗೀಗ ಸ್ವಲ್ಪ ದಾರಿಯಾಗಿದೆ. ತಾಮ್ರದ ಗಣಿಯಿಂದ ಹೊಳೆ ಕೆಟ್ಟಿತೆಂದು ಆಫ್ರಿಕಾದ ಜಾಂಬಿಯಾದ ಹಳ್ಳಿಯವರು ಇಂಗ್ಲೆಂಡಿನಲ್ಲೇ ವೇದಾಂತ ಕಂಪೆನಿಯ ಮೇಲೆ ದಾವೆ ಹೂಡಿದರು. ಗಣಿಗಳ ಉಸ್ತುವಾರಿ ತನ್ನದೆಂದು ಯಜಮಾನ ಕಂಪೆನಿಯೇ ಅಚ್ಚು ಹಾಕಿಸಿತ್ತು. ಆ ಕಾಗದಗಳನ್ನೂ ನೋಡಿ ಅಲ್ಲಿಯ ಸುಪ್ರೀಂ ಕೋರ್ಟು 2019ರಲ್ಲಿ ‘ದಾವೆ ಇಲ್ಲೇ ನಡೆಯಲಿ’ ಅಂದಿತು. 2021ರಲ್ಲಿ ರಾಜಿಯಾಯಿತು.

ನಮ್ಮ ದೇಶದವರೂ ಹೋಗಿದ್ದಾರೆ. ಮಹಾರಾಷ್ಟ್ರದ ಯವತ್ಮಾಳದಲ್ಲಿ 2017ರಲ್ಲಿ ಹತ್ತಿಗೆ ಮದ್ದು ಬಿಟ್ಟವರಿಗೆ ವಿಷವೇರಿ ಕೆಲವರು ಸತ್ತರು. ಸತ್ತವರ ಮನೆಯವರು, ಬದುಕಿ ಉಳಿದವರು ಸೇರಿ 2020ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸಿಂಜೆಂಟಾದಿಂದ ಪರಿಹಾರ ಕೇಳಿದರು. ಕಂಪೆನಿ ಆರೋಪವನ್ನು ಒಪ್ಪಿಲ್ಲ. ಆದರೆ ಪೊಲೀಸರ ಕಾಗದದಲ್ಲಿ ಮದ್ದಿನ ಹೆಸರು ದಾಖಲಾಗಿತ್ತು. ಅವರ ಕೈಯಲ್ಲಿದ್ದ ದೊಡ್ಡ ಬಲ ಅದೇ.

ಹಾಗಾಗಿ ಮದ್ದು ತಂದರೆ ಬಿಲ್ಲು ಕೇಳಿ ಪಡೆಯಿರಿ. ಅದರಲ್ಲಿ ಬ್ಯಾಚ್ ನಂಬರು ಬರೆಸಿ. ಲೇಬಲಿನ ಫೋಟೋ ತೆಗೆದಿಡಿ. ಬಿಟ್ಟ ದಿನ, ಬಿಟ್ಟವರ ಹೆಸರು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸೌಖ್ಯ ತಪ್ಪಿದರೆ ಲೇಬಲು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ, ಮದ್ದಿನ ಹೆಸರನ್ನು ಚೀಟಿಯಲ್ಲಿ ಬರೆಸಿ. ಚಿಕಿತ್ಸೆಗೂ ಅದು ಬೇಕು.

ನಮ್ಮ ಮಾತು ಸಮುದ್ರ ದಾಟಲಿಕ್ಕಿಲ್ಲ. ಕಾಗದ ದಾಟೀತು.