ಗೆಲುವಿನ ಕಹಳೆ, ಬೆಳೆಯುವ ಮಕ್ಕಳು

2008ರ ಆಗಸ್ಟ್‌ನ ಒಂದು ಶನಿವಾರ ರಾತ್ರಿ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಊರಿನ ಕ್ರೀಡಾಂಗಣದಲ್ಲಿ ಸಾವಿರಾರು ಜನ ಫಲಿತಾಂಶಕ್ಕೆ ಕಿವಿಗೊಟ್ಟು ಕೂತಿದ್ದರು. ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್ ತಂಡಕ್ಕೆ 98.100 ಅಂಕ, ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಊರಿನ ಫ್ಯಾಂಟಮ್ ರೆಜಿಮೆಂಟ್‌ಗೆ 98.125. ನೂರು ಅಂಕಗಳ ಲೆಕ್ಕದಲ್ಲಿ 0.025ರ ಅಂತರದಿಂದ ಚಾಂಪಿಯನ್ ಯಾರೆಂದು ತೀರ್ಮಾನವಾಯಿತು. ರೋಮನ್ನರ ವಿರುದ್ಧ ದಂಗೆಯೆದ್ದ ಗುಲಾಮ ಸ್ಪಾರ್ಟಕಸ್‌ನ ಕಥೆಯನ್ನು ಹಿತ್ತಾಳೆ ವಾದ್ಯ, ಡ್ರಮ್ಮು, ಬಾವುಟಗಳಲ್ಲೇ ಹೇಳಿದ ಫ್ಯಾಂಟಮ್ ರೆಜಿಮೆಂಟ್‌ನ ಆ ಪ್ರದರ್ಶನವನ್ನು ಅಭಿಮಾನಿಗಳು ಇವತ್ತಿಗೂ ನೆನೆಯುತ್ತಾರೆ. ಎರಡೂ ತಂಡಗಳಲ್ಲಿದ್ದವರು ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು.

ಈ ಕಲೆಗೆ ಡ್ರಮ್ ಅಂಡ್ ಬ್ಯೂಗಲ್ ಕೋರ್ ಎಂದು ಹೆಸರು. ಬಳಕೆಯಲ್ಲಿ ಬರೀ ಡ್ರಮ್ ಕೋರ್. ನಮ್ಮ ಶಾಲೆಗಳಲ್ಲಿ ಸ್ವಾತಂತ್ರ್ಯೋತ್ಸವದ ಪಥಸಂಚಲನಕ್ಕೆ ಸಜ್ಜಾಗುವ ಬ್ಯಾಂಡ್ ಸೆಟ್ ನೋಡಿದವರಿಗೆ ಇದರ ಬೇರು ಎಲ್ಲಿದೆ ಎಂದು ಹೇಳಬೇಕಿಲ್ಲ. ಆದರೆ ಬೆಳೆದಿರುವ ರೀತಿಯೇ ಬೇರೆ. ದೊಡ್ಡ ತಂಡವೊಂದರಲ್ಲಿ ಸುಮಾರು 150 ಮಂದಿ ಇರುತ್ತಾರೆ. ಅರ್ಧದಷ್ಟು ಜನ ಟ್ರಂಪೆಟ್, ಮೆಲೊಫೋನ್, ಟ್ಯೂಬಾದಂಥ ಹಿತ್ತಾಳೆ ವಾದ್ಯ ಊದುವವರು. ಉಳಿದವರಲ್ಲಿ ಡ್ರಮ್ ಹೊತ್ತು ನಡೆಯುವವರು, ಮೈದಾನದ ಮುಂಭಾಗದಲ್ಲಿ ನಿಂತು ಮರಿಂಬಾ, ಜೈಲೊಫೋನ್ ನುಡಿಸುವವರು, ಬಾವುಟ ಮತ್ತು ಮರದ ಕೋವಿಗಳನ್ನು ಗಾಳಿಗೆಸೆದು ಹಿಡಿಯುವ ಕಲರ್ ಗಾರ್ಡ್‌ನವರು. ಕೊಳಲು, ಕ್ಲಾರಿನೆಟ್ಟಿಗೆ ಇಲ್ಲಿ ಜಾಗವಿಲ್ಲ. ಹತ್ತು ಹನ್ನೆರಡು ನಿಮಿಷದ ಒಂದೇ ಒಂದು ಪ್ರದರ್ಶನ. ಅದಕ್ಕಾಗಿ ಇಡೀ ಬೇಸಿಗೆ ಮೀಸಲು. ಇಪ್ಪತ್ತೊಂದು, ಇಪ್ಪತ್ತೆರಡರ ವಯೋಮಿತಿ ಮುಟ್ಟಿದವರು ತಂಡ ಬಿಡಲೇಬೇಕು. ಆ ಕೊನೆಯ ವರ್ಷವನ್ನು ಅವರ ಮಾತಿನಲ್ಲಿ ‘ಏಜ್ ಔಟ್’ ಎನ್ನುತ್ತಾರೆ.

ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಂದ ಇದೆಲ್ಲ ಶುರುವಾಯಿತು. ಸೇನೆಗೆ ಬೇಡವಾದ ಬ್ಯೂಗಲ್‌ಗಳು ಅಗ್ಗಕ್ಕೆ ಸಿಗುತ್ತಿದ್ದವು. ಅಮೆರಿಕನ್ ಲೀಜನ್ ಮತ್ತು ವಿಎಫ್‌ಡಬ್ಲ್ಯು ಎಂಬ ಮಾಜಿ ಸೈನಿಕರ ಸಂಘಗಳು, ಕ್ಯಾಥೊಲಿಕ್ ಚರ್ಚುಗಳು, ಸ್ಕೌಟ್ ಪಡೆಗಳು ಬೀದಿ ಮಕ್ಕಳನ್ನೂ ಮನೆ ಮಕ್ಕಳನ್ನೂ ಕೂಡಿಸಿ ಊರೂರಲ್ಲಿ ತಂಡ ಕಟ್ಟಿದವು. ನ್ಯೂಜೆರ್ಸಿಯ ಗಾರ್ಫೀಲ್ಡ್‌ನಲ್ಲಿ 1934ರಲ್ಲಿ ಚರ್ಚೊಂದರ ಆಶ್ರಯದಲ್ಲಿ ಕೆಡೆಟ್ಸ್ ಹುಟ್ಟಿತು. 1938ರಲ್ಲಿ ಮ್ಯಾಡಿಸನ್ ಸ್ಕೌಟ್ಸ್, 1948ರಲ್ಲಿ ಷಿಕಾಗೊದ ಕ್ಯಾವಲಿಯರ್ಸ್. ಹುಡುಗರು ಪುಂಡಾಟಕ್ಕೆ ಬೀಳದಿರಲಿ, ಶಿಸ್ತು ಕಲಿಯಲಿ ಎಂಬುದೇ ಆಗಿನ ದೊಡ್ಡವರ ಆಸೆ. ಸ್ಪರ್ಧೆ ಅದಕ್ಕೊಂದು ನೆಪ.

ಆದರೆ ನೆಪಕ್ಕೂ ನಿಯಮಗಳಿದ್ದವು, ಅವನ್ನು ಬರೆಯುತ್ತಿದ್ದವರು ಮಾಜಿ ಸೈನಿಕರು. ಯಾವ ಬಗೆಯ ಪ್ರದರ್ಶನ ಕೊಡಬೇಕು, ಎಷ್ಟು ಸಂಭಾವನೆ ಸಿಗಬೇಕು ಎಂಬ ಮಾತು ಬಂದಾಗ ತಂಡಗಳಿಗೂ ಸಂಘಗಳಿಗೂ ತಿಕ್ಕಾಟ ಹುಟ್ಟಿತು. ಕ್ಯಾವಲಿಯರ್ಸ್ ಕಟ್ಟಿದ ಡಾನ್ ವಾರೆನ್, ವಯೋಮಿಂಗ್ ರಾಜ್ಯದ ಟ್ರೂಪರ್ಸ್ ಕಟ್ಟಿದ ಜಿಮ್ ಜೋನ್ಸ್ ಮುಂತಾದವರು ಸೇರಿ 1971ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ ಎಂಬ ಸ್ವಂತ ಸಂಸ್ಥೆ ಸ್ಥಾಪಿಸಿದರು. ಮರುವರ್ಷ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆಯಿತು; ಅನಹೈಮ್ ಕಿಂಗ್ಸ್‌ಮೆನ್ ಗೆದ್ದಿತು. ಅಲ್ಲಿಂದ ಕಲೆಯೂ ಸ್ಪರ್ಧೆಯೂ ಒಟ್ಟಿಗೇ ಏರತೊಡಗಿದವು.

ಒಂದು ತಂಡದ ದಿನಚರಿಯನ್ನು ಹತ್ತಿರದಿಂದ ನೋಡಿದರೆ ಈ ಏರುವಿಕೆಯ ಬೆಲೆ ಅರ್ಥವಾಗುತ್ತದೆ. ಮೇ ತಿಂಗಳಲ್ಲಿ ಕಾಲೇಜು ಮುಗಿಯುತ್ತಲೇ ಶಿಬಿರ ಆರಂಭ. ಬೆಳಿಗ್ಗೆ ತಿಂಡಿ ಮುಗಿಸಿ ಮೈದಾನಕ್ಕಿಳಿದರೆ ರಾತ್ರಿಯವರೆಗೂ ಅಭ್ಯಾಸ. ಪ್ರತಿಯೊಬ್ಬರ ಬಳಿ ದೊಡ್ಡದೊಂದು ನೀರಿನ ಜಗ್ಗು, ದಾರ ಕಟ್ಟಿ ನೇತುಹಾಕಿಕೊಂಡ ಪುಟ್ಟ ಪುಸ್ತಕ. ಆ ಪುಸ್ತಕದಲ್ಲಿ ಅವರ ಹೆಜ್ಜೆಗಳ ವಿಳಾಸವಿದೆ: ಯಾವ ಗೆರೆಯಿಂದ ಎಷ್ಟು ಹೆಜ್ಜೆ ಎಡಕ್ಕೆ, ಮುಂದಿನ ಅಂಚಿನಿಂದ ಎಷ್ಟು ಹೆಜ್ಜೆ ಹಿಂದಕ್ಕೆ, ಎಷ್ಟನೇ ತಾಳಕ್ಕೆ ಅಲ್ಲಿರಬೇಕು. ಅಮೆರಿಕನ್ ಫುಟ್ಬಾಲ್ ಮೈದಾನದಲ್ಲಿ ಐದೈದು ಗಜಕ್ಕೊಂದು ಗೆರೆ. ಎರಡು ಗೆರೆಗಳ ನಡುವೆ ಎಂಟು ಹೆಜ್ಜೆ, ಅಂದರೆ ಒಂದು ಹೆಜ್ಜೆ ಇಪ್ಪತ್ತೆರಡೂವರೆ ಅಂಗುಲ. ಸ್ಪೀಕರಿನಲ್ಲಿ ಮೆಟ್ರೊನೋಮ್ ಟಕಟಕ ಬಡಿಯುತ್ತಿರುತ್ತದೆ. ಎತ್ತರದ ಅಟ್ಟಣೆಯ ಮೇಲಿಂದ ಶಿಕ್ಷಕರು ‘ರೀಸೆಟ್’ ಎಂದರೆ ಎಲ್ಲರೂ ಓಡುತ್ತಾ ಹಿಂದಿನ ಜಾಗಕ್ಕೆ ಮರಳಬೇಕು. ಹದಿನಾರು ತಾಳದ ಒಂದು ತುಣುಕಿಗೆ ಹೀಗೆ ಹತ್ತಾರು ಸಲ ಓಡುವುದುಂಟು.

ಜೂನ್ ಕೊನೆಯ ಹೊತ್ತಿಗೆ ಊರೂರು ಸುತ್ತಾಟ. ಪ್ರದರ್ಶನ ಮುಗಿಸಿ ರಾತ್ರಿ ಬಸ್ಸು ಹತ್ತುವುದು, ನಸುಕಿನಲ್ಲಿ ಮುಂದಿನ ಊರಿನ ಹೈಸ್ಕೂಲ್ ಮುಟ್ಟಿ ಜಿಮ್ ಹಾಲಿನ ನೆಲದ ಮೇಲೆ ಗಾಳಿಹಾಸಿಗೆ ಹಾಸಿ ಮಲಗುವುದು. ಹಾಗೆ ಸಿಗುವ ನಿದ್ದೆಯ ಗಂಟೆಗಳಿಗೆ ‘ಫ್ಲೋರ್ ಟೈಮ್’ ಎನ್ನುತ್ತಾರೆ. ಅಡುಗೆಮನೆಯೇ ಲಾರಿಯಾಗಿ ಜೊತೆಗೆ ಬರುತ್ತದೆ. ಬೇಯಿಸುವವರು, ಸಮವಸ್ತ್ರದ ಗುಂಡಿ ಹೊಲಿಯುವವರು ಹೆಚ್ಚಾಗಿ ತಂದೆತಾಯಿಗಳು ಮತ್ತು ಹಳೆಯ ಸದಸ್ಯರು, ಸಂಬಳವಿಲ್ಲದ ಸ್ವಯಂಸೇವಕರು. ಹತ್ತೊಂಬತ್ತರ ಹುಡುಗಿಯೊಬ್ಬಳು ಈ ಬದುಕಿನಲ್ಲಿ ಎರಡೂವರೆ ತಿಂಗಳು ಕಳೆದರೆ ತನ್ನ ಬಟ್ಟೆ ತಾನೇ ಒಗೆದುಕೊಳ್ಳುವುದರಿಂದ ಹಿಡಿದು, ದಣಿದ ಗೆಳತಿಯ ಡ್ರಮ್ಮನ್ನು ಲಾರಿಗೇರಿಸುವ ತನಕ ಬಹಳ ಕಲಿಯುತ್ತಾಳೆ. ಯಾವ ಅಂಕಪಟ್ಟಿಯಲ್ಲೂ ಇದಕ್ಕೆ ಕಾಲಂ ಇಲ್ಲ.

ಅಂಕಪಟ್ಟಿಯ ಕಥೆಯೂ ಕೇಳುವಂಥದ್ದು. 1983ರ ತನಕ ತೀರ್ಪುಗಾರರು ತಪ್ಪು ಹುಡುಕುತ್ತಾ ಮೈದಾನದಲ್ಲಿ ಓಡಾಡುತ್ತಿದ್ದರು. ಸಾಲು ಸೊಟ್ಟಗಾದರೆ, ಸ್ವರ ಜಾರಿದರೆ, ಕಂಡ ಪ್ರತಿ ತಪ್ಪಿಗೂ 0.1 ಕಡಿತ. ‘ಟಿಕ್’ ಪದ್ಧತಿ ಎನ್ನುತ್ತಿದ್ದ ಆ ಲೆಕ್ಕದಲ್ಲಿ ಸುಲಭದ್ದನ್ನು ಅಚ್ಚುಕಟ್ಟಾಗಿ ಮಾಡುವವನಿಗೆ ಲಾಭ, ಹೊಸದಕ್ಕೆ ಕೈಹಾಕುವವನಿಗೆ ನಷ್ಟ. 1984ರಿಂದ ಕಳೆಯುವ ಬದಲು ಕೂಡಿಸುವ ಕ್ರಮ ಬಂತು. ಈಗ ಒಟ್ಟು ಪರಿಣಾಮಕ್ಕೆ 40, ದೃಶ್ಯಕ್ಕೆ 30, ಸಂಗೀತಕ್ಕೆ 30 ಅಂಕ. ಪ್ರದರ್ಶನ ಎಷ್ಟು ಕಷ್ಟದ್ದು, ಎಷ್ಟು ಸೊಗಸಿನದು ಎಂಬುದಕ್ಕೂ, ಮಕ್ಕಳು ಅದನ್ನು ಎಷ್ಟರಮಟ್ಟಿಗೆ ಸಾಧಿಸಿದರು ಎಂಬುದಕ್ಕೂ ಬೇರೆ ಬೇರೆ ಬೆಲೆ. ತೀರ್ಪುಗಾರರು ನೋಡುತ್ತಲೇ ಮಾತಾಡಿ ಧ್ವನಿಮುದ್ರಿಸಿದ ಟಿಪ್ಪಣಿ ತಂಡದ ಕೈಸೇರುತ್ತದೆ, ಮರುದಿನದ ಅಭ್ಯಾಸಕ್ಕೆ ಅದೇ ಪಾಠ. ಮಕ್ಕಳ ಮಟ್ಟಿಗೆ ಇದು ದೊಡ್ಡ ಸುಧಾರಣೆ. ತಪ್ಪಿಗೆ ಹೆದರುವ ಬದಲು ಸಾಹಸಕ್ಕೆ ಮೈಯೊಡ್ಡಲು ಅದು ದಾರಿ ತೆರೆಯಿತು.

ಅದೇ ದಾರಿಯಲ್ಲಿ ಖರ್ಚೂ ನುಗ್ಗಿತು. ಕಷ್ಟದ್ದಕ್ಕೆ ಅಂಕವಿದೆಯೆಂದ ಮೇಲೆ ವರ್ಷದಿಂದ ವರ್ಷಕ್ಕೆ ಕಷ್ಟದ ವಿನ್ಯಾಸ, ಅದಕ್ಕೆ ತಕ್ಕ ವಿನ್ಯಾಸಕಾರರು, ಹೆಚ್ಚು ಶಿಕ್ಷಕರು. 2000ದಲ್ಲಿ ಎಲ್ಲ ಶ್ರುತಿಯ ಹಿತ್ತಾಳೆ ವಾದ್ಯಗಳಿಗೂ ಅನುಮತಿ ಸಿಕ್ಕಿತು, 2004ರಲ್ಲಿ ಮೈಕ್ ಬಂತು, 2009ರಲ್ಲಿ ಸಿಂಥಸೈಜರ್ ಬಂತು. ಹಿಂದೆ ಊರಿನ ಸಂಘವೇ ಖರ್ಚು ಹೊರುತ್ತಿತ್ತು, ಹುಡುಗರು ಚಿಲ್ಲರೆ ಕಾಸು ಕೊಟ್ಟರೆ ಸಾಕಿತ್ತು. ಈಗ ಅಗ್ರಪಂಕ್ತಿಯ ತಂಡದಲ್ಲಿ ಒಂದು ಬೇಸಿಗೆ ಕಳೆಯಲು ಐದು ಸಾವಿರ ಡಾಲರಿನ ಆಸುಪಾಸು ಶುಲ್ಕ, ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಮಿಕ್ಕಿ. ಬೇಸಿಗೆಯಲ್ಲಿ ಕೆಲಸ ಮಾಡಿ ಕಾಲೇಜಿಗೆ ಹಣ ಕೂಡಿಡಬೇಕಾದ ಹುಡುಗನಿಗೆ ಶುಲ್ಕವೂ ಹೊರೆ, ಕೈತಪ್ಪಿದ ಸಂಪಾದನೆಯೂ ಹೊರೆ. ಒಂದು ಕಾಲಕ್ಕೆ ದೇಶದ ತುಂಬ ನೂರಾರು ತಂಡಗಳಿದ್ದವು. ಈಗ ಡಿಸಿಐನಲ್ಲಿ ಇಂಥ ಯುವ ತಂಡಗಳು ಕೆಲವು ಹತ್ತುಗಳಷ್ಟೇ ಉಳಿದಿವೆ. ಊರಿನ ಮಕ್ಕಳಿಗೆಂದು ಹುಟ್ಟಿದ ತಂಡಗಳು ಇಡೀ ದೇಶದಿಂದ ಆಯ್ದ ನುರಿತವರ ತಂಡಗಳಾಗಿವೆ.

ಕನ್ನಡಿಗರಿಗೆ ಪರಿಚಿತವಾದ ಸಿಲಿಕಾನ್ ವ್ಯಾಲಿಯ ಸಾಂತಾ ಕ್ಲಾರಾದಲ್ಲೇ ಈ ಖರ್ಚಿನ ಹೊರೆಗೊಂದು ಉದಾಹರಣೆಯಿದೆ. ಗೇಲ್ ರಾಯರ್ 1967ರಲ್ಲಿ ಕಟ್ಟಿದ ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ಏಳು ಬಾರಿ ಡಿಸಿಐ ಪ್ರಶಸ್ತಿ ಪಡೆದ ತಂಡ. ಬಿಂಗೊ ಆಟದ ಆದಾಯದಿಂದ ದಶಕಗಳ ಕಾಲ ನಡೆದು ಬಂದಿತ್ತು. 2018ರಲ್ಲಿ ಚಾಂಪಿಯನ್ ಆಗಿದ್ದ ಇದೇ ತಂಡ ಹಣಕಾಸಿನ ಮುಗ್ಗಟ್ಟಿನಿಂದ 2023ರಲ್ಲಿ ಮೈದಾನಕ್ಕಿಳಿಯಲಿಲ್ಲ. ಆ ವರ್ಷ ಕೊನೆಯ ಅವಕಾಶಕ್ಕೆ ಕಾದಿದ್ದವರಿಗೆ ಬೇರೆ ತಂಡ ಹುಡುಕಿಕೊಳ್ಳುವುದು ಇಲ್ಲವೇ ಕೈಬಿಡುವುದು, ಎರಡೇ ದಾರಿ. ಮರುವರ್ಷ ತಂಡ ಮರಳಿತು. ಏಜ್ ಔಟ್ ಆದವರು ಮರಳಲು ಆಗುವುದಿಲ್ಲ.

ಹಣವಿದ್ದರೂ ಸ್ಪರ್ಧೆಯೇ ಸಾಕೆನಿಸಿದ ತಂಡವೂ ಇದೆ. ಉದ್ಯಮಿ ಬಿಲ್ ಕುಕ್ ಬೆಂಬಲದಿಂದ 1984ರಲ್ಲಿ ಹುಟ್ಟಿದ ಸ್ಟಾರ್ ಆಫ್ ಇಂಡಿಯಾನಾ ಏಳೇ ವರ್ಷಕ್ಕೆ, 1991ರಲ್ಲಿ ಚಾಂಪಿಯನ್ ಆಯಿತು. 1993ರಲ್ಲಿ ಅದು ತಂದ ಹೊಸ ಬಗೆಯ ಪ್ರದರ್ಶನ ಕೆಡೆಟ್ಸ್ ಎದುರು 0.1 ಅಂಕದಿಂದ ಎರಡನೆಯದಾಯಿತು. ಅಲ್ಲಿಗೆ ತಂಡ ಸ್ಪರ್ಧಾಕಣದಿಂದಲೇ ಹೊರಬಿದ್ದು ರಂಗಭೂಮಿಯತ್ತ ತಿರುಗಿತು. ಅದರಿಂದ ಮೂಡಿದ ‘ಬ್ಲಾಸ್ಟ್!’ ಬ್ರಾಡ್‌ವೇ ಏರಿ 2001ರಲ್ಲಿ ಟೋನಿ ಪ್ರಶಸ್ತಿ ಗೆದ್ದಿತು. ತೀರ್ಪುಗಾರರ ಹಾಳೆಯ ಆಚೆಗೂ ಈ ಕಲೆಗೆ ಬದುಕಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಇದಕ್ಕೆ ಎದುರಾಗಿ ಬಾಸ್ಟನ್ ಕ್ರುಸೇಡರ್ಸ್ ಕಥೆ ಇಡಬಹುದು. 1940ರಲ್ಲಿ ಹುಟ್ಟಿದ ಈ ತಂಡ ಡಿಸಿಐ ಅಂತಿಮ ಸುತ್ತಿನ ಹನ್ನೆರಡರೊಳಗೆ ಮೊದಲ ಸಲ ಬಂದದ್ದು 1999ರಲ್ಲಿ, ಮೊದಲ ಬಾರಿ ಚಾಂಪಿಯನ್ ಆದದ್ದು 2025ರಲ್ಲಿ. 1999ಕ್ಕೆ ಮೊದಲು ಎಷ್ಟೋ ತಲೆಮಾರಿನ ಹುಡುಗರು ಅಂತಿಮ ಸುತ್ತನ್ನು ಗ್ಯಾಲರಿಯಿಂದಲೇ ನೋಡಿ ಏಜ್ ಔಟ್ ಆದರು. ಅವರೇ ಶಿಕ್ಷಕರಾಗಿ, ದಾನಿಗಳಾಗಿ, ಸ್ವಯಂಸೇವಕರಾಗಿ ಬಂದು ತಂಡ ಉಳಿಸಿಕೊಳ್ಳದಿದ್ದರೆ 2025ರ ಗೆಲುವೇ ಇರುತ್ತಿರಲಿಲ್ಲ. ಪದಕ ಸಿಗದ ವರ್ಷಗಳಲ್ಲೂ ಮಕ್ಕಳಿಗೆ ಏನೋ ದಕ್ಕಿತ್ತು, ಆದ್ದರಿಂದಲೇ ಅವರು ಮರಳಿ ಬಂದರು.

ಗೆದ್ದ ವರ್ಷಗಳಲ್ಲಿ ಎಲ್ಲವೂ ಸರಿಯಿರುತ್ತದೆ ಎಂಬ ಭ್ರಮೆಯನ್ನು ಕೆಡೆಟ್ಸ್ ಒಡೆದಿದೆ. ಹತ್ತು ಬಾರಿ ಡಿಸಿಐ ಚಾಂಪಿಯನ್ ಆದ, ಚರ್ಚಿನ ಅಂಗಳದಲ್ಲಿ ಹುಟ್ಟಿದ ಅದೇ ತಂಡ. ದಶಕಗಳ ಕಾಲ ಅದನ್ನು ನಡೆಸಿದ ನಿರ್ದೇಶಕರ ಮೇಲೆ ಒಂಬತ್ತು ಮಹಿಳೆಯರು ಲೈಂಗಿಕ ದುರ್ವರ್ತನೆಯ ಆರೋಪ ಮಾಡಿದ್ದನ್ನು 2018ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಪತ್ರಿಕೆ ಬಯಲಿಗೆ ತಂದಿತು. ಆತ ರಾಜೀನಾಮೆ ಕೊಟ್ಟರು. ನಂತರ 1980ರ ದಶಕದ್ದೆನ್ನಲಾದ ದೌರ್ಜನ್ಯವೊಂದರ ಬಗ್ಗೆ ಹೂಡಿದ ಮೊಕದ್ದಮೆಯ ಭಾರವೂ ಸೇರಿ, ತೊಂಬತ್ತು ವರ್ಷದ ಕೆಡೆಟ್ಸ್ 2024ರಲ್ಲಿ ಬಾಗಿಲು ಮುಚ್ಚಿತು. ಪ್ರಶಸ್ತಿ ತರುವ ದೊಡ್ಡವರನ್ನು ಯಾರೂ ಪ್ರಶ್ನಿಸದ ವಾತಾವರಣ ಮಕ್ಕಳಿಗೆ ಎಷ್ಟು ಅಪಾಯಕಾರಿ ಎಂದು ಇಡೀ ವಲಯಕ್ಕೆ ಆಗ ಅರಿವಾಯಿತು. ತಂಡದೊಡನೆ ಇರುವ ವಯಸ್ಕರ ಪೂರ್ವಾಪರ ತಪಾಸಣೆ, ನಡವಳಿಕೆಯ ಸಂಹಿತೆ, ತಂಡದ ಆಡಳಿತವನ್ನು ದಾಟಿ ದೂರು ಕೊಡುವ ವ್ಯವಸ್ಥೆ ಈಗ ಡಿಸಿಐ ನಿಯಮಗಳ ಭಾಗ. ಇವು ಮೊದಲೇ ಇರಬೇಕಿತ್ತು.

ಸ್ಪರ್ಧೆಯನ್ನು ಕಿತ್ತುಹಾಕಿದರೆ ಎಲ್ಲ ಸರಿಹೋಗುತ್ತದೆಯೆ? ಹಾಗೆಂದು ಈ ಕಲೆ ಬಲ್ಲವರು ಯಾರೂ ಹೇಳುವುದಿಲ್ಲ. ನಿನ್ನೆಗಿಂತ ಇವತ್ತು ಅರ್ಧ ಅಂಕ ಮೇಲೇರಿದೆವು ಎಂಬ ಹುಮ್ಮಸ್ಸೇ ಜುಲೈನ ಉರಿಬಿಸಿಲಲ್ಲಿ ಮಕ್ಕಳನ್ನು ಮೈದಾನಕ್ಕೆ ಎಳೆದು ತರುತ್ತದೆ. ಆದರೆ ಅಂಕದ ಜೊತೆಗೆ ಏಣಿಯೂ ಬೇಕು, ಅದರ ಕೆಳಗಿನ ಮೆಟ್ಟಿಲು ಎಳೆಯರ ಕಾಲಿಗೆ ಎಟುಕಬೇಕು. ಇಪ್ಪತ್ತಕ್ಕೂ ಹೆಚ್ಚು ಬಾರಿ ಚಾಂಪಿಯನ್ ಆಗಿರುವ ಬ್ಲೂ ಡೆವಿಲ್ಸ್ ಇದನ್ನು ಚೆನ್ನಾಗಿ ಅರಿತಿದೆ. ಅದರ ಮುಖ್ಯ ತಂಡದ ಕೆಳಗೆ ‘ಬಿ’ ತಂಡ, ಅದರ ಕೆಳಗೆ ಚಿಕ್ಕ ಮಕ್ಕಳ ‘ಸಿ’ ತಂಡ ಇವೆ. ಸಾಂತಾ ಕ್ಲಾರಾದಲ್ಲಿ ವ್ಯಾನ್‌ಗಾರ್ಡ್ ಕೆಡೆಟ್ಸ್, ಅಯೋವಾದ ಡಬ್ಯೂಕ್‌ನಲ್ಲಿ ಕೋಲ್ಟ್ಸ್ ತಂಡದ ಕಿರಿಯರ ಪಡೆ ಇದೇ ಕೆಲಸ ಮಾಡಿವೆ. ಸೌಂಡ್‌ಸ್ಪೋರ್ಟ್ ಎಂಬ ಡಿಸಿಐ ವೇದಿಕೆಯಲ್ಲಿ ಸಣ್ಣ ತಂಡಗಳಿಗೆ ಚಿನ್ನ, ಬೆಳ್ಳಿ, ಕಂಚಿನ ದರ್ಜೆ ಕೊಡುತ್ತಾರೆ. ಖರ್ಚು ಕಡಿಮೆ, ದೀರ್ಘ ಪ್ರವಾಸವೂ ಇಲ್ಲ.

ಒಳ್ಳೆಯ ತಂಡವನ್ನು ಅದರ ಕಪಾಟಿನ ಪದಕಗಳಿಂದ ಅಳೆಯಲಾಗದು. ಗಾಯಗೊಂಡವನ ಜಾಗಕ್ಕೆ ಇನ್ನೊಬ್ಬನನ್ನು ನಿಲ್ಲಿಸಿ ಮುಂದೆ ಹೋಗುತ್ತದೆಯೋ, ಅವನನ್ನು ನೋಡಿಕೊಳ್ಳುತ್ತದೆಯೋ? ಆಯ್ಕೆಯಾಗದವನಿಗೆ ಏಕೆ ಆಗಲಿಲ್ಲ, ಏನು ಕಲಿತು ಬರಬೇಕು ಎಂದು ಹೇಳಿ ಕಳಿಸುತ್ತದೆಯೋ? ಶುಲ್ಕ ಕಟ್ಟಲಾಗದವನಿಗೆ ದಾರಿ ತೋರುತ್ತದೆಯೋ? ಈ ಮೂರಕ್ಕೂ ಉತ್ತರ ಸರಿಯಿದ್ದ ಮೇಲೆ ಅಂಕದ ಮಾತು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಲೋಕ ದೂರದ್ದೇನಲ್ಲ. ಮಕ್ಕಳು ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡ್‌ನಲ್ಲಿದ್ದರೆ ಡ್ರಮ್ ಕೋರ್ ಮಾತು ಒಂದಲ್ಲ ಒಂದು ದಿನ ಮನೆಗೆ ಬಂದೇ ಬರುತ್ತದೆ. 2009ರಿಂದ ಡಿಸಿಐ ಅಂತಿಮ ಪಂದ್ಯ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂನಲ್ಲಿ ನೆಲೆಯೂರಿದೆ. ಅದಕ್ಕೆ ಮೊದಲು ಬೇಸಿಗೆಯುದ್ದಕ್ಕೂ ಅನೇಕ ಊರುಗಳಲ್ಲಿ ಪ್ರದರ್ಶನಗಳಿರುತ್ತವೆ. ಒಮ್ಮೆ ಹೋಗಿ ನೋಡಿ. ಮಗನೋ ಮಗಳೋ ಸೇರುತ್ತೇನೆಂದರೆ ಕಳೆದ ವರ್ಷ ಎಷ್ಟನೇ ಸ್ಥಾನ ಬಂತೆಂಬುದನ್ನು ಕೊನೆಗೆ ಕೇಳಿ. ರಾತ್ರಿ ಎಷ್ಟು ಗಂಟೆ ನಿದ್ದೆ, ಜೊತೆಗೆ ವೈದ್ಯಕೀಯ ಸಿಬ್ಬಂದಿ ಇದ್ದಾರೆಯೆ, ಶುಲ್ಕದಲ್ಲಿ ನೆರವು ಸಿಗುತ್ತದೆಯೆ, ಮಗುವಿಗೆ ತೊಂದರೆಯಾದರೆ ದೂರು ಯಾರಿಗೆ ಕೊಡಬೇಕು ಎಂಬುದನ್ನು ಮೊದಲು ಕೇಳಿ.