ವೇಪ್ ಕಾಯಿಲ್ ಸುತ್ತಿ ಕೊಟ್ರೂ ಕೇಸ್! ಮೊಬೈಲ್ ರಿಪೇರಿ, ಪಾನ್ ಅಂಗಡಿಯವರು ಒಮ್ಮೆ ಓದ್ರಿ

ಸದಲಗಾ: ಮೊಬೈಲ್ ರಿಪೇರಿ ಅಂಗಡಿಗೆ ಕಾಲೇಜ್ ಹುಡುಗನೊಬ್ಬ ಪೆನ್ನಿನ ಆಕಾರದ ಸಾಮಾನು ಹಿಡ್ಕೊಂಡು ಬರ್ತಾನ ಅಂದ್ಕೊಳ್ರಿ. ‘ಅಣ್ಣಾ, ಇದರ ಕಾಯಿಲ್ ಹೋಗೈತಿ. ಎಳದ್ರ ಬರೀ ಸುಟ್ಟ ವಾಸನಿ ಬರ್ತೈತಿ. ಹೊಸಾದು ಸುತ್ತಿ ಕೊಡ್ತೀರೇನ್ರಿ?’ ಅಂತ ಕೇಳ್ತಾನ. ಬೆಸುಗೆ ಹಾಕೋದು ಗೊತ್ತಿದ್ದವರಿಗೆ ಇದು ಹತ್ತು ನಿಮಿಷದ ಕೆಲಸ. ನೂರು ರೂಪಾಯಿ ಸಿಕ್ಕರೂ ಸಿಗಬಹುದು. ಆದರೆ ಆ ಹತ್ತು ನಿಮಿಷದ ಕೆಲಸಕ್ಕೆ ಕಾಯ್ದೆಯಲ್ಲಿ ಇರುವ ಹೆಸರು ‘ರಿಪೇರಿ’ ಅಲ್ಲ, ‘ಉತ್ಪಾದನೆ’. ಮೊದಲ ಸಲ ತಪ್ಪು ಸಾಬೀತಾದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ವೇಪ್ ಅಥವಾ ಇ-ಸಿಗರೇಟ್ ಮಾರೋದು ಬಂದ್ ಆಗೈತಿ ಅಂತ ಬಹಳ ಮಂದಿಗೆ ಗೊತ್ತು. ಅದರ ಕಾಯಿಲ್, ಟ್ಯಾಂಕ್, ಬಿಡಿಭಾಗ ಕೂಡ ಅದೇ ನಿಷೇಧದೊಳಗೆ ಬರ್ತಾವು ಅನ್ನೋದು ಗೊತ್ತಿಲ್ಲ. ಯೂಟ್ಯೂಬ್‌ನಲ್ಲಿ ಕಾಯಿಲ್ ಹೆಂಗ ಸುತ್ತಬೇಕು, ಹೆಂಗ ತೊಳೀಬೇಕು ಅಂತ ಹೇಳೋ ವಿಡಿಯೋಗಳಿಗೆ ಲೆಕ್ಕವಿಲ್ಲ. ಅವು ಹೆಚ್ಚಾಗಿ ಇದಕ್ಕೆ ನಿಷೇಧ ಇಲ್ಲದ ದೇಶದವರು ಮಾಡಿದ್ದು. ನೋಡಿದವರಿಗೆ ‘ಇದರಾಗ ಏನೈತಿ, ಬರೀ ತಂತಿ’ ಅನಿಸೋದು ಸಹಜ.

ಈ ಕಾಯಿಲ್ ಅಂದ್ರೆ ಏನು?

ಮನೆಯ ಕರೆಂಟ್ ಒಲೆಯ ಸುರುಳಿ ತಂತಿ ನೋಡಿದವರಿಗೆ ಇದು ಅದರದ್ದೇ ಮರಿ ಅಂತ ತಿಳೀತೈತಿ. ನಿಕ್ಕಲ್ ಮತ್ತು ಕ್ರೋಮಿಯಂ ಸೇರಿದ ನೈಕ್ರೋಮ್, ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ಸೇರಿದ ಕಂಥಾಲ್, ಇಲ್ಲಾ ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಐದಾರು ಸುತ್ತು ಸುತ್ತಿರ್ತಾರೆ. ಸುರುಳಿಯ ಒಳಗೆ ಹತ್ತಿ. ಸುತ್ತಲೂ ಟ್ಯಾಂಕಿನಲ್ಲಿ ದ್ರವ: ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಹಣ್ಣಿನದೋ ಪುದೀನದ್ದೋ ವಾಸನೆ, ಮತ್ತು ನಿಕೋಟಿನ್. ಬ್ಯಾಟರಿಯಿಂದ ಕರೆಂಟ್ ಹರಿದ ಕೂಡಲೇ ತಂತಿ ಕಾಯ್ತದೆ, ಹತ್ತಿ ಹೀರಿದ ದ್ರವ ಆವಿಯಾಗ್ತದೆ. ಸೇದುವವನ ಬಾಯಿಗೆ ಬರೋದು ಆ ಆವಿ ತಣ್ಣಗಾಗಿ ಆದ ಸಣ್ಣ ಸಣ್ಣ ಹನಿಗಳ ಮಂಜು.

ದೀಪದ ಬತ್ತಿಯ ಲೆಕ್ಕವೇ ಇಲ್ಲೂ. ಬತ್ತಿಗೆ ಎಣ್ಣೆ ಏರ್ತಾ ಇರೋ ತನಕ ಉರಿಯೋದು ಎಣ್ಣೆ. ಎಣ್ಣೆ ತೀರಿತು ಅಂದ್ರೆ ಬತ್ತಿಯೇ ಸುಡ್ತದೆ. ಅದಕ್ಕೇ ವೇಪ್ ಸೇದುವವರು ಹೊಸ ಕಾಯಿಲ್ ಹಾಕಿದ ಮೇಲೆ ಹತ್ತಿಗೆ ಹನಿ ಹನಿಯಾಗಿ ದ್ರವ ಬಿಟ್ಟು, ಕೆಲವು ನಿಮಿಷ ಕಾಯ್ತಾರೆ. ಮೊದಮೊದಲು ವ್ಯಾಟ್ ಕಡಿಮೆ ಇಡ್ತಾರೆ. ಒಂದರ ಮೇಲೊಂದು ಎಳೆಯದೆ ನಡುವೆ ಬಿಡುವು ಕೊಡ್ತಾರೆ. ಇದಷ್ಟೂ ಹತ್ತಿ ಒಣಗಬಾರದು ಅನ್ನೋ ಒಂದೇ ಕಾರಣಕ್ಕೆ.

ಒಣಗಿದರೆ ಏನಾಗ್ತದೆ? ಪ್ರೊಪಿಲೀನ್ ಗ್ಲೈಕಾಲ್ ಸುಮಾರು 188 ಡಿಗ್ರಿಗೆ, ಗ್ಲಿಸರಿನ್ ಸುಮಾರು 290 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ವಸ್ತುಗಳು. ದ್ರವ ಇರೋ ತನಕ ತಂತಿಯ ಶಾಖವನ್ನು ಅದೇ ಹೀರಿಕೊಳ್ತದೆ. ದ್ರವ ಇಲ್ಲದಾಗ ಶಾಖ ಒಮ್ಮೆಲೇ ಏರ್ತದೆ. ಆಗ ಹತ್ತಿ ಕರಕಲಾಗ್ತದೆ, ಉಳಿದ ಗ್ಲಿಸರಿನ್ ಒಡೆದು ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಅನ್ನೋ ವಿಷಗಳು ಹುಟ್ಟುತಾವೆ. ಅಕ್ರೋಲಿನ್ ಹೆಸರು ಹೊಸದಿರಬಹುದು, ವಾಸನೆ ಹೊಸದಲ್ಲ. ಭಜಿ ಕರಿಯೋ ಎಣ್ಣೆ ಅತಿಯಾಗಿ ಕಾದು ಹೊಗೆ ಎದ್ದಾಗ ಕಣ್ಣು ಉರಿಸೋದು, ಗಂಟಲು ಕೆರೆಯೋದು ಅದೇ.

ಇನ್ನು ಸಿಹಿ. ದ್ರವಕ್ಕೆ ಹಾಕುವ ಸಿಹಿ ಪದಾರ್ಥ ಆವಿಯಾಗೋದಿಲ್ಲ, ತಂತಿಗೆ ಕಚ್ಚಿಕೊಂಡು ಕಪ್ಪಾಗ್ತದೆ. ಕಬ್ಬಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗಾಣದ ಮನೆಯಲ್ಲಿ ಬೆಲ್ಲದ ಪಾಕ ಕೊಪ್ಪರಿಗೆಯ ತಳ ಹಿಡಿದರೆ ಹೆಂಗ ಆಗ್ತದೋ ಹಂಗ. ಅದಕ್ಕೇ ಬಿಸಿನೀರಲ್ಲಿ ತೊಳೆಯೋದು, ಹತ್ತಿ ತೆಗೆದು ಬರೀ ತಂತಿಯನ್ನು ಕೆಂಪಗೆ ಕಾಯಿಸಿ ಕರಕಲು ಉದುರಿಸೋದು, ಮತ್ತೆ ಹೊಸ ಹತ್ತಿ ತುಂಬೋದು. ಇದರಿಂದ ಉಪಯೋಗ ಆಗ್ತೈತೇನು ಅಂದ್ರೆ, ರುಚಿಯ ಮಟ್ಟಿಗೆ ಹೌದು. ಸುಟ್ಟ ವಾಸನೆ ಹೋಗ್ತದೆ.

ಆದರೆ ಹೋಗದೆ ಇರೋದು ಲೋಹ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 56 ಮಂದಿಯ ಸ್ವಂತ ಇ-ಸಿಗರೇಟ್‌ಗಳನ್ನೇ ತಗೊಂಡು ಪರೀಕ್ಷೆ ಮಾಡಿದರು. ಬಾಟಲಿಯಲ್ಲಿದ್ದ ದ್ರವ, ಟ್ಯಾಂಕಿನಲ್ಲಿ ಕಾಯಿಲ್‌ಗೆ ತಾಗಿದ ದ್ರವ, ಬಾಯಿಗೆ ಬರುವ ಮಂಜು ಮೂರನ್ನೂ ಬೇರೆ ಬೇರೆ ಅಳೆದರು. ಬಾಟಲಿಯಲ್ಲಿ ಅಷ್ಟಾಗಿ ಇಲ್ಲದ ಸೀಸ, ಕ್ರೋಮಿಯಂ, ನಿಕ್ಕಲ್ ಮಂಜಿನಲ್ಲಿ ಬಹಳ ಹೆಚ್ಚು ಸಿಕ್ಕವು. ಅಂದ್ರೆ ಬಂದಿದ್ದು ಕಾಯಿಲ್ ಕಡೆಯಿಂದ. ಮಂಜಿನ ಮಾದರಿಗಳ ಪೈಕಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಸೀಸದ ಪ್ರಮಾಣ ಅಲ್ಲಿನ ಪರಿಸರ ಸಂಸ್ಥೆಯ ಆರೋಗ್ಯ ಮಿತಿ ದಾಟಿತ್ತು.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತು ಐತಿ, ಕಾಯಿಲ್ ಬದಲಿಸಿದ್ರೆ ಎಲ್ಲಾ ಸರಿ ಅನ್ನುವವರು ಕೇಳಬೇಕಾದ್ದು. ಪದೇ ಪದೇ ಕಾಯಿಲ್ ಬದಲಿಸುವವರ ಸಾಧನಗಳಲ್ಲೇ ಲೋಹ ಹೆಚ್ಚು ಇರುವ ಹಾಗೆ ಕಂಡಿತು. ಹೊಸ ತಂತಿ ಲೋಹವನ್ನು ಬೇಗ ಬಿಡ್ತಿರಬಹುದು ಅಂತ ಅವರ ಅಂದಾಜು. ಹಳೇದು ಇಟ್ಕೊಂಡ್ರೆ ಕರಕಲು, ಹೊಸಾದು ಹಾಕಿದ್ರೆ ಲೋಹ.

ಲ್ಯಾಪ್‌ಟಾಪ್ ಸೆಲ್ ಹಾಕೋರೇ ಹುಷಾರ್

ಕೈಯಿಂದ ಸುತ್ತಿದ ಕಾಯಿಲ್‌ನ ದೊಡ್ಡ ಅಪಾಯ ಬ್ಯಾಟರಿ ಕಡೆಗೆ ಇರ್ತದೆ. ಲೆಕ್ಕ ಸರಳ: ವೋಲ್ಟೇಜನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್. ತುಂಬಿದ ಲಿಥಿಯಂ ಸೆಲ್ 4.2 ವೋಲ್ಟ್. ಕಾಯಿಲ್ 1 ಓಮ್ ಇದ್ರೆ 4.2 ಆಂಪಿಯರ್ ಎಳೀತದೆ. ಅರ್ಧ ಓಮ್ ಆದ್ರೆ 8.4. ಸುತ್ತು ಕಡಿಮೆಯಾಗಿ, ತಂತಿ ದಪ್ಪವಾಗಿ 0.1 ಓಮ್‌ಗೆ ಇಳಿದರೆ 42 ಆಂಪಿಯರ್. ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿದಾಗ ಸಿಗೋ 18650 ಸೆಲ್ ಅಷ್ಟು ಕರೆಂಟ್ ಕೊಡೋಕೆ ಮಾಡಿದ್ದಲ್ಲ. ಸುರುಳಿಯ ಒಂದು ಎಳೆ ಟ್ಯಾಂಕಿನ ಲೋಹಕ್ಕೆ ತಾಗಿದರೂ ಸಾಕು, ನೇರ ಶಾರ್ಟ್. ಜೇಬಿನಲ್ಲಿ ಇಲ್ಲವೇ ಬಾಯಿ ಹತ್ತಿರ ಇರೋ ಸಾಮಾನು ಅದು. 2018ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವೇಪ್ ಸ್ಫೋಟಗೊಂಡು ಒಬ್ಬರು ಸತ್ತೇ ಹೋದರು.

ರಿಪೇರಿ ಮಾಡುವವರ ಕೈಗೂ ಕುತ್ತು ಐತಿ. ನಿಪ್ಪಾಣಿ ಸೀಮೆಯಲ್ಲಿ ಹಸಿ ತಂಬಾಕಿನ ಎಲೆ ಮುರಿಯೋ ಕೆಲಸ ಮಾಡಿದವರಿಗೆ ತಲೆ ತಿರುಗೋದು, ವಾಂತಿ ಬರೋದು ಗೊತ್ತಿರ್ತದೆ. ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯೋದರಿಂದ ಹಾಗಾಗೋದು. ವೇಪ್ ದ್ರವದಲ್ಲಿ ಅದೇ ನಿಕೋಟಿನ್ ಇರ್ತದೆ. ಟ್ಯಾಂಕ್ ಬಿಚ್ಚಿದಾಗ ಕೈ ಮೇಲೆ ಚೆಲ್ಲಿದರೆ ಸೋಪು ಹಚ್ಚಿ ತೊಳೀಬೇಕು. ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಬರ್ತದೆ, ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಾವಿನ ಹಣ್ಣಿನ ವಾಸನೆ ಇರೋ ಬಾಟಲಿ ಮಕ್ಕಳಿಗೆ ಏನಂತ ಕಾಣ್ತದೆ ಅಂತ ಬೇರೆ ಹೇಳಬೇಕಿಲ್ಲ.

ಕಾನೂನು ಏನು ಹೇಳ್ತದೆ?

ಕರ್ನಾಟಕ ಸರ್ಕಾರ ಇ-ಸಿಗರೇಟ್ ಮಾರಾಟವನ್ನು 2016ರಲ್ಲೇ ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರ್‌ನಲ್ಲಿ ಅದನ್ನೇ ಕಾಯ್ದೆ ಮಾಡಿತು. ಇದು ಇಡೀ ದೇಶಕ್ಕೆ ಒಂದೇ. ಇಚಲಕರಂಜಿಯಿಂದ ತಂದೆ, ಕೊಲ್ಹಾಪುರದಿಂದ ತಂದೆ ಅಂದ್ರೆ ನಡಿಯೋದಿಲ್ಲ, ಗಡಿಯ ಆಚೆಗೂ ಇದೇ ಕಾಯ್ದೆ.

ಕಾಯ್ದೆಯ 4ನೇ ಕಲಮು ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವನ್ನೂ ಬಂದ್ ಮಾಡ್ತದೆ. ಪೂರ್ತಿ ಸಾಮಾನೇ ಇರಲಿ, ಅದರ ಯಾವುದೇ ಭಾಗವೇ ಇರಲಿ ಅಂತ ಅಲ್ಲೇ ಸ್ಪಷ್ಟವಾಗಿ ಐತಿ. ‘ಉತ್ಪಾದನೆ’ ಅನ್ನೋ ಪದದ ಅರ್ಥದಲ್ಲಿ ಜೋಡಿಸೋದು, ಬಿಡಿಭಾಗ ಮಾಡೋದು ಎರಡೂ ಸೇರಿದಾವೆ. ನಿಕೋಟಿನ್ ಇಲ್ಲದ್ದು, ಬರೀ ಫ್ಲೇವರ್ ಅಂದ್ರೂ ವಿನಾಯಿತಿ ಇಲ್ಲ. ಎರಡನೇ ಸಲ ಸಿಕ್ಕರೆ ಮೂರು ವರ್ಷದವರೆಗೆ ಜೈಲು, ಜತೆಗೆ 5 ಲಕ್ಷ ರೂಪಾಯಿವರೆಗೆ ದಂಡ.

ಸೇದುವ ಹುಡುಗನಿಗೇನು ಶಿಕ್ಷೆ ಅಂತ ಕೇಳಬಹುದು. 4ನೇ ಕಲಮಿನ ಪಟ್ಟಿಯಲ್ಲಿ ಸೇದೋದು ಅನ್ನೋ ಪದ ಇಲ್ಲ. ಕೈಯಲ್ಲಿ ವೇಪ್ ಹಿಡಿದು ಬಂದವನಿಗಿಂತ ಅದಕ್ಕೆ ಕಾಯಿಲ್ ಹಾಕಿ ಕೊಟ್ಟವನೇ ಕಾಯ್ದೆಯ ಬಾಯಿಗೆ ಮೊದಲು ಸಿಗ್ತಾನೆ. ಅಂಗಡಿಯವರು ತಲೆಗೆ ಹಾಕ್ಕೋಬೇಕಾದ ಮಾತು ಇದೇ.

ಗೋದಾಮು ಬಾಡಿಗೆಗೆ ಕೊಟ್ಟವರೂ ಹೊರಗಿಲ್ಲ. ಗೊತ್ತಿದ್ದೂ ತಮ್ಮ ಜಾಗದಲ್ಲಿ ದಾಸ್ತಾನು ಇಡೋಕೆ ಬಿಟ್ಟರೆ 6 ತಿಂಗಳವರೆಗೆ ಜೈಲು, ಇಲ್ಲವೇ 50 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಸೋಷಿಯಲ್ ಮೀಡಿಯಾ ಕೂಡ ಜಾಹೀರಾತಿನ ಅರ್ಥದೊಳಗೆ ಬರ್ತದೆ, ಹಾಗಾಗಿ ‘ಸ್ಟಾಕ್ ಬಂದೈತಿ’ ಅಂತ ವಾಟ್ಸಾಪ್ ಸ್ಟೇಟಸ್ ಹಾಕೋದೂ ಸುರಕ್ಷಿತ ಅಲ್ಲ. ಸಬ್ ಇನ್‌ಸ್ಪೆಕ್ಟರ್ ಮತ್ತು ಅದಕ್ಕೆ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿಗೆ ತಪಾಸಣೆ ಮಾಡುವ ಅಧಿಕಾರ ಐತಿ. 2023ರ ಮೇನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಪ್ರಕಟಣೆಯಲ್ಲಿ ಅಂಗಡಿಯವರು, ಕೊರಿಯರ್‌ನವರು, ಆನ್‌ಲೈನ್ ಮಾರಾಟದವರು ಎಲ್ಲರ ಹೆಸರೂ ಸೇರಿತ್ತು.

ಹಾಗಂತ ಕರೆಂಟ್ ಒಲೆಯ ಕಾಯಿಲ್, ಇಸ್ತ್ರಿ ಪೆಟ್ಟಿಗೆಯ ಎಲಿಮೆಂಟ್ ಮಾರೋ ಎಲೆಕ್ಟ್ರಿಕಲ್ ಅಂಗಡಿಯವರು ಗಾಬರಿ ಬೀಳಬೇಕಿಲ್ಲ. ನೈಕ್ರೋಮ್ ತಂತಿಗೆ ನಿಷೇಧ ಇಲ್ಲ. ಅದನ್ನು ವೇಪ್‌ಗಾಗಿ ಸುತ್ತಿದಾಗ, ವೇಪ್ ಭಾಗ ಅಂತ ಮಾರಿದಾಗ ಮಾತ್ರ ಪ್ರಶ್ನೆ ಬರೋದು.

‘ಬೀಡಿ ನಡೀತದ, ಇದು ಯಾಕ ಬಂದ್?’

ನಿಪ್ಪಾಣಿ, ಚಿಕ್ಕೋಡಿ ಭಾಗದಲ್ಲಿ ಈ ಪ್ರಶ್ನೆ ಸುಮ್ಮನೆ ಕೇಳೋದಲ್ಲ. ಬೀಡಿ ತಂಬಾಕು ಇಲ್ಲಿನ ಹೊಲದ ಬೆಳೆ. 1981ರಲ್ಲಿ ಶರದ್ ಜೋಶಿ ಮುಂದಾಳತ್ವದಲ್ಲಿ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತ ತಂಬಾಕು ಬೆಳೆಗಾರರ ಮೇಲೆ ಗೋಲಿಬಾರ್ ಆಗಿ ಜೀವ ಹೋದ ಊರು ನಿಪ್ಪಾಣಿ. ಬೀಡಿ ಕಟ್ಟಿ ಮನೆ ನಡೆಸುವ ಹೆಣ್ಣುಮಕ್ಕಳು ಇವತ್ತಿಗೂ ಇದಾರೆ. ಸರ್ಕಾರ ಹೇಳಿದ ಕಾರಣ, ಇನ್ನೂ ಬೇರೂರದ ಚಟವನ್ನು ಹುಡುಗರಿಗೆ ಹತ್ತುವ ಮೊದಲೇ ತಡೀಬೇಕು ಅನ್ನೋದು. ಬೇರೂರಿದ ಬೀಡಿ, ಸಿಗರೇಟಿಗೆ ಬೇರೆ ಕಾಯ್ದೆ, ಚಿತ್ರದ ಎಚ್ಚರಿಕೆ, ತೆರಿಗೆ. ಈ ಎರಡಳತೆ ಬಗ್ಗೆ ತಕರಾರು ಮಾಡುವವರು ಇದಾರೆ, ಅದರಲ್ಲಿ ಹುರುಳಿಲ್ಲ ಅಂತ ಹೇಳೋಕೂ ಆಗೋದಿಲ್ಲ. ಬೀಡಿ ಕಡಿಮೆ ಕೆಟ್ಟದ್ದು ಅನ್ನೋದಂತೂ ಅಲ್ಲ. ಆದರೆ ತಕರಾರು ಇದ್ದ ಮಾತ್ರಕ್ಕೆ ಅಂಗಡಿಯಲ್ಲಿ ಸಿಕ್ಕ ಕಾಯಿಲ್ ಮೇಲಿನ ಕೇಸ್ ಬಿದ್ದುಹೋಗೋದಿಲ್ಲ.

ಪಾನ್ ಅಂಗಡಿಯವರು ಇನ್ನೊಂದು ನೆನಪಿಡಬೇಕು. ರಾಜ್ಯದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದ ಮೇಲೆ ಬೀಡಿ, ಸಿಗರೇಟನ್ನೂ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಮೊದಲು ಇದು 18 ಇತ್ತು.

ಅಂಗಡಿಯ ಮೂಲೆಯಲ್ಲಿ ಯಾರೋ ಬಿಟ್ಟುಹೋದ ವೇಪ್, ಹಳೆ ಕಾಯಿಲ್ ಇದ್ದರೆ ಇನ್ನೊಬ್ಬರಿಗೆ ದಾಟಿಸೋದು ತಪ್ಪು ದಾರಿ. ಪಟ್ಟಿ ಮಾಡಿ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸೋದು ಒಳ್ಳೆಯದು. 2019ರಲ್ಲಿ ಹಳೆ ದಾಸ್ತಾನು ಇದ್ದ ವ್ಯಾಪಾರಿಗಳಿಗೂ ಕಾಯ್ದೆ ಹೇಳಿದ್ದು ಇದನ್ನೇ. ಒಳಗಿನ ಲಿಥಿಯಂ ಸೆಲ್ಲನ್ನು ಕಸದ ಜತೆ ಸುಡಬಾರದು, ಸಿಡೀತದೆ.

ರಿಪೇರಿಗೆ ಬಂದ ಹುಡುಗನಿಗೆ ಬೈದು ಕಳಿಸಿದರೆ ಅವನು ಮುಂದಿನ ಅಂಗಡಿಗೆ ಹೋಗ್ತಾನೆ. ‘ಇದು ನಮ್ಮಲ್ಲಿ ಆಗೋದಿಲ್ಲಪ್ಪಾ’ ಅಂತ ಹೇಳಿ 1800-11-2356 ನಂಬರ್ ಬರೆದುಕೊಡಬಹುದು. ತಂಬಾಕು ಚಟ ಬಿಡಿಸುವ ಸರ್ಕಾರದ ಸಹಾಯವಾಣಿ ಅದು, ಕರೆ ಉಚಿತ. ಕನ್ನಡದಲ್ಲಿ ಮಾತಾಡುವವರು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಸಿಗ್ತಾರೆ.